ಶ್ವಾನದ ಶಿರಃಕಂಪ

ಆರೋಗ್ಯವಾಗಿಯೇ ಇದ್ದು, ಬೆಳಗ್ಗೆ ಹೊಟ್ಟೆತುಂಬ ಉಂಡು, ಬಾಗಿಲ ಬಳಿ ಮಲಗಿದ್ದ ನಾಯಿಯೊಂದು, ಯಾರೂ ಕರೆಯದೆ, ಯಾವ ಸದ್ದೂ ಆಗದೆ ಇರುವಾಗ, ಇದ್ದಕ್ಕಿದ್ದಂತೆ ತಲೆಯೊಂದನ್ನೇ ಎಡಕ್ಕೂ ಬಲಕ್ಕೂ ಅತಿವೇಗವಾಗಿ ಅಲುಗಿಸತೊಡಗಿತೆಂದರೆ, ಅದನ್ನು ಮೊದಲ ಬಾರಿಗೆ ಕಂಡ ಮನೆಯವರಲ್ಲಿ ಹುಟ್ಟುವ ಗಾಬರಿ ಸಾಮಾನ್ಯವಾದದ್ದಲ್ಲ. ಮೂರ್ಛೆರೋಗವೆಂದು ಒಬ್ಬರು, ಹುಚ್ಚು ಹಿಡಿಯಿತೆಂದು ಇನ್ನೊಬ್ಬರು, ಯಾರೋ ವಿಷವಿಕ್ಕಿದರೆಂದು ನೆರೆಮನೆಯವರು, ದೃಷ್ಟಿ ತಾಗಿತೆಂದು ಮನೆಯ ಹಿರಿಯರು, ಹೀಗೆ ಐದು ನಿಮಿಷದೊಳಗೆ ನಾಲ್ಕು ನಿರ್ಣಯಗಳಾಗಿರುತ್ತವೆ. ಅಷ್ಟರಲ್ಲಿ ನಾಯಿ ಮೊದಲಿನಂತಾಗಿ ಬಾಲವಾಡಿಸುತ್ತ ನಿಂತಿರುತ್ತದೆ. ಚೆನ್ನೈನ ತಾಂಬರಂ ಸೀಮೆಯಲ್ಲಿ, ಎಂದರೆ ಕ್ರೋಮಪೇಟೆಯಿಂದ ಸೇಲೈಯೂರು, ಮಾಡಂಬಾಕ್ಕಂಗಳವರೆಗೆ ಹರಡಿಕೊಂಡಿರುವ ಈ ಉಪನಗರದಲ್ಲಿ, ರೈಲ್ವೆಗೆಂದೋ ವಾಯುಪಡೆಗೆಂದೋ ಕಂಪೆನಿಗಳ ಕೆಲಸಕ್ಕೆಂದೋ ಬಂದು ನೆಲೆಸಿದ ಕನ್ನಡ ಸಂಸಾರಗಳಲ್ಲಿ ನಾಯಿ ಸಾಕುವವರು ಹಲವರುಂಟು. ಊರಿನಲ್ಲಿದ್ದಂತೆ ಹತ್ತಾರು ಜನ ಅನುಭವಿಗಳ ಸಲಹೆ ಇಲ್ಲಿ ದೊರೆಯದಿರುವುದರಿಂದ, ಈ ವಿಷಯವನ್ನು ಸ್ವಲ್ಪ ವಿಸ್ತರಿಸಿ ಬರೆಯುವುದು ಉಪಯುಕ್ತವೆಂದು ನನಗೆ ತೋರಿದೆ.

ಸೇಲೈಯೂರಿನ ಒಂದು ಮನೆಯಲ್ಲಿ ಮೂರು ವರ್ಷದ ಬಾಕ್ಸರ್ ನಾಯಿಯಲ್ಲಿ ಈ ಕಂಪನವನ್ನು ನಾನು ಬಹು ಸಮೀಪದಿಂದ ನೋಡಿದ್ದೇನೆ. ಮಧ್ಯಾಹ್ನದ ಊಟ ಮುಗಿದ ಹೊತ್ತು. ತಂಪಾದ ನೆಲಕ್ಕೆ ಹೊಟ್ಟೆಯನ್ನೊತ್ತಿ, ಮುಂಗಾಲುಗಳನ್ನು ಚಾಚಿ ತೂಕಡಿಸುತ್ತಿದ್ದ ಪ್ರಾಣಿ ತಲೆಯನ್ನು ಕೊಂಚ ಮೇಲೆತ್ತಿದೊಡನೆ ಕಂಪನ ಆರಂಭವಾಯಿತು. ಚಲನೆಯ ವ್ಯಾಪ್ತಿ ಬಹಳ ಕಿರಿದು, ಅರ್ಧ ಅಂಗುಲವಿದ್ದೀತೋ ಇಲ್ಲವೋ. ವೇಗವಾದರೋ ಜೋಲುತುಟಿಗಳು ವಸಡಿಗೆ ಬಡಿದು ಪಟಪಟನೆ ಸದ್ದಾಗುವಷ್ಟು. ಕೊರಳಪಟ್ಟಿಗೆ ಸಿಕ್ಕಿಸಿದ್ದ ಬಿಲ್ಲೆ ಅದೇ ಲಯದಲ್ಲಿ ಕಿಣಿಕಿಣಿಸುತ್ತಿತ್ತು. ಭುಜದಿಂದ ಹಿಂದಕ್ಕೆ ದೇಹವೆಲ್ಲ ನಿಶ್ಚಲ. ಗೃಹಿಣಿ ಅಡುಗೆಮನೆಯಿಂದ ಹೊರಬಂದಾಗ ಅದರ ಕಣ್ಣುಗಳು ಅವರನ್ನೇ ಹಿಂಬಾಲಿಸಿದವು. ಹೆಸರು ಹಿಡಿದು ಕರೆದಾಗ ಮೋಟುಬಾಲ ಅಲುಗಿತು. ಚಮಚದಲ್ಲಿ ಮೊಸರು ತಂದು ಮೂಗಿನ ಬಳಿ ಹಿಡಿದಾಗ, ನೆಕ್ಕಲೆಂದು ನಾಲಿಗೆ ಚಾಚಿದ ಆ ಕ್ಷಣದಲ್ಲಿಯೇ ಕಂಪನ ನಿಂತುಹೋಯಿತು. ಚಮಚ ಬರಿದಾದ ಮೇಲೆ ಮತ್ತೆ ಅಲ್ಪಕಾಲ ಮರುಕಳಿಸಿ, ತರುವಾಯ ತಾನಾಗಿ ಅಡಗಿತು. ನಾಯಿ ಎದ್ದು ಮೈಮುರಿದು, ನೀರು ಕುಡಿದು, ಗೇಟಿನ ಕಡೆಗೆ ನಡೆಯಿತು.

ಈ ಚಿತ್ರದಲ್ಲಿ ರೋಗದ ಮುಖ್ಯ ಲಕ್ಷಣಗಳೆಲ್ಲ ಅಡಕವಾಗಿವೆ. ಪಶುವೈದ್ಯರು ಇಡಿಯೋಪಥಿಕ್ ಹೆಡ್ ಟ್ರೆಮರ್ ಎಂದು ಕರೆಯುವ, ಕಾರಣವಿನ್ನೂ ವಿಜ್ಞಾನಕ್ಕೆ ದೊರೆಯದ ಈ ಶಿರಃಕಂಪವು ಸಾಮಾನ್ಯವಾಗಿ ಎಳೆಯ ಹಾಗೂ ನಡುಪ್ರಾಯದ ನಾಯಿಗಳಲ್ಲಿ, ಅವು ವಿಶ್ರಮಿಸುತ್ತಿರುವಾಗ ಅಥವಾ ಅರೆನಿದ್ರೆಯಲ್ಲಿರುವಾಗ ತೋರುತ್ತದೆ. ಕಂಪನ ಅಡ್ಡಡ್ಡಲಾಗಿಯೂ ಇರಬಹುದು, ಮೇಲೆ ಕೆಳಗೆಯೂ ಇರಬಹುದು. ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳವರೆಗೆ ನಡೆಯುತ್ತದೆ. ಒಂದೇ ದಿನದಲ್ಲಿ ಹಲವು ಬಾರಿ ಬಂದು, ಆಮೇಲೆ ವಾರಗಟ್ಟಲೆ ತಿಂಗಳುಗಟ್ಟಲೆ ಸುಳಿಯದಿರುವುದೂ ಉಂಟು. ಪ್ರಜ್ಞೆ ಎಂದಿಗೂ ತಪ್ಪುವುದಿಲ್ಲ. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಕ್ಸರ್, ಡಾಬರ್‌ಮನ್, ಲ್ಯಾಬ್ರಡಾರ್ ತಳಿಗಳಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಮಿಶ್ರತಳಿಗಳಿಗೆ ಬರುವುದೇ ಇಲ್ಲವೆಂದೇನೂ ಅಲ್ಲ. ಡಾಬರ್‌ಮನ್ ನಾಯಿಗಳಲ್ಲಿ ಇದು ವಂಶಪಾರಂಪರ್ಯವಾಗಿ ಇಳಿದುಬರುವುದೆಂಬ ಅಧ್ಯಯನ 2011ರಲ್ಲಿಯೂ, ಇಂಗ್ಲಿಷ್ ಬುಲ್‌ಡಾಗ್‌ಗಳನ್ನು ಕುರಿತ ಅಧ್ಯಯನ 2014ರಲ್ಲಿಯೂ ಪ್ರಕಟವಾದವು. ಎರಡೂ ಬೆಳಕು ಕಂಡದ್ದು ಮನುಷ್ಯರ ಚಲನದೋಷಗಳ ಚಿಕಿತ್ಸೆಗೆ ಮೀಸಲಾದ ನರವೈದ್ಯ ಪತ್ರಿಕೆಯಲ್ಲಿ ಎಂಬುದು ಗಮನಾರ್ಹ. ನಾಯಿಯ ತಲೆ ಏಕೆ ನಡುಗುವುದೆಂದು ತಿಳಿದರೆ ಮನುಷ್ಯನ ಕೈ ಏಕೆ ನಡುಗುವುದೆಂಬುದರ ಮೇಲೂ ಬೆಳಕು ಬಿದ್ದೀತೆಂಬ ಆಶೆ ಅದರ ಹಿಂದಿದೆ. ಇಂಥ ನಾಯಿಗಳ ರಕ್ತಪರೀಕ್ಷೆ ಮಾಡಿದರೂ, ಮಸ್ತಿಷ್ಕದ ಎಂ.ಆರ್.ಐ. ಚಿತ್ರ ತೆಗೆದರೂ, ಬೆನ್ನುಹುರಿಯ ದ್ರವವನ್ನು ಶೋಧಿಸಿದರೂ ದೋಷವೇನೂ ಕಾಣುವುದಿಲ್ಲ. ನಾಯಿ ತನ್ನ ಆಯುಷ್ಯವನ್ನು ಸುಖವಾಗಿ ಪೂರೈಸುತ್ತದೆ. ಅನೇಕ ನಾಯಿಗಳಲ್ಲಿ ಕಾಲಕ್ರಮದಲ್ಲಿ ಕಂಪನವೇ ಮರೆಯಾಗುತ್ತದೆ.

ಇಷ್ಟನ್ನು ಓದಿ ಸಮಾಧಾನಪಟ್ಟು ಸುಮ್ಮನಾಗುವುದು ಮಾತ್ರ ಸಲ್ಲದು. ಏಕೆಂದರೆ 'ಕಾರಣವಿಲ್ಲದ ಕಂಪನ'ವೆಂಬುದು, ಕಾರಣವುಳ್ಳ ಕಂಪನಗಳೆಲ್ಲವನ್ನೂ ಒಂದೊಂದಾಗಿ ಅಲ್ಲಗಳೆದ ಮೇಲೆ ಕೊನೆಗೆ ಉಳಿಯುವ ನಿರ್ಣಯ. ಮೊದಲೇ ಕೈಗೆತ್ತಿಕೊಳ್ಳತಕ್ಕ ನಿರ್ಣಯವಲ್ಲ. ಅಲ್ಲಗಳೆಯುವ ಈ ಕಾರ್ಯದಲ್ಲಿ ಯಾವುದನ್ನು ಮೊದಲು ಸಂಶಯಿಸಬೇಕು, ಯಾವುದನ್ನು ಆಮೇಲೆ, ಎಂಬ ಅನುಕ್ರಮ ದೇಶದಿಂದ ದೇಶಕ್ಕೆ ವ್ಯತ್ಯಾಸವಾಗುತ್ತದೆ. ಲಂಡನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಬೆಳೆದ ನಾಯಿಗೆ ಮರಿಯಾಗಿದ್ದಾಗಲೇ ಲಸಿಕೆಗಳೆಲ್ಲ ಬಿದ್ದಿರುತ್ತವೆ. ಅದರ ಮೈಮೇಲೆ ವರ್ಷದ ಹನ್ನೆರಡು ತಿಂಗಳೂ ಉಣ್ಣೆಗಳಿರುವುದಿಲ್ಲ. ಅದು ತಿರುಗಾಡುವ ಬೀದಿಯಲ್ಲಿ ಸೊಳ್ಳೆ ಜಿರಳೆಗಳ ನಿವಾರಣೆಗೆಂದು ಬಗೆಬಗೆಯ ಔಷಧಗಳನ್ನು ಸಿಂಪಡಿಸಿರುವುದಿಲ್ಲ. ಅಲ್ಲಿಯ ವೈದ್ಯನು ತಲೆಯಾಡಿಸುವ ಬುಲ್‌ಡಾಗನ್ನು ಕಂಡು ನಿರಪಾಯವಾದ ಶಿರಃಕಂಪವೆಂದು ಊಹಿಸಿದರೆ ಬಹುತೇಕ ಸರಿಯಾದೀತು. ತಾಂಬರಂನಲ್ಲಿ ಕುಳಿತು ನಾವು ಅದೇ ಊಹೆಯನ್ನು ಅದೇ ಧೈರ್ಯದಿಂದ ಮಾಡಲಾಗದು ಎಂಬುದೇ ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬಯಸುವ ಸಂಗತಿ.

ನಮ್ಮಲ್ಲಿ ಮೊದಲು ಸಂಶಯಿಸತಕ್ಕದ್ದು ಡಿಸ್ಟೆಂಪರ್ ವ್ಯಾಧಿಯನ್ನು. ಮನುಷ್ಯರ ದಡಾರ ಹಾಗೂ ದನಗಳ ದೊಡ್ಡರೋಗವನ್ನು ಉಂಟುಮಾಡುವ ವೈರಸ್ಸುಗಳ ಕುಲಕ್ಕೇ ಸೇರಿದ ವೈರಸ್ಸೊಂದು ಇದಕ್ಕೆ ಕಾರಣವೆಂಬುದನ್ನು 1905ರಲ್ಲಿ ಫ್ರಾನ್ಸಿನ ಪಶುವೈದ್ಯ ಆಂರಿ ಕಾರೆ ತೋರಿಸಿಕೊಟ್ಟನು. ಜ್ವರ, ಕಣ್ಣು ಮೂಗುಗಳಿಂದ ಸುರಿಯುವ ಗೊಣ್ಣೆ, ಕೆಮ್ಮು, ಭೇದಿ, ಕೆಲವೊಮ್ಮೆ ಒಡೆದು ಗಡುಸಾಗುವ ಅಂಗಾಲು, ಇವು ಮೊದಲ ಹಂತ. ಈ ಹಂತವನ್ನು ದಾಟಿ ಬದುಕಿತೆಂದು ಮನೆಯವರು ನಿಟ್ಟುಸಿರು ಬಿಡುವ ವೇಳೆಗೆ, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ವೈರಸ್ಸು ಮಸ್ತಿಷ್ಕವನ್ನು ಸೇರಿ ತನ್ನ ನಿಜವಾದ ಕ್ರೌರ್ಯವನ್ನು ಪ್ರಕಟಿಸುತ್ತದೆ. ಆಗ ತೋರುವುದು ನಡುಕಕ್ಕಿಂತ ಹೆಚ್ಚಾಗಿ ಸೆಳೆತ: ಹಣೆಯ, ದವಡೆಯ ಅಥವಾ ಒಂದು ಕಾಲಿನ ಸ್ನಾಯು ಗಡಿಯಾರದ ಮುಳ್ಳಿನಂತೆ ಸಮನಾದ ಅಂತರದಲ್ಲಿ ಜಗ್ಗುತ್ತಲೇ ಇರುತ್ತದೆ. ನಿರಪಾಯವಾದ ಶಿರಃಕಂಪಕ್ಕೂ ಇದಕ್ಕೂ ಇರುವ ಭೇದವನ್ನು ಮನೆಯಲ್ಲಿಯೇ ಗುರುತಿಸಬಹುದು. ಮೊದಲನೆಯದು ಬಂದುಹೋಗುವ ಅತಿಥಿ, ಎರಡನೆಯದು ಬಿಟ್ಟುಹೋಗುವುದಿಲ್ಲ. ಮೊದಲನೆಯದು ತಿನಿಸು ತೋರಿದರೆ ನಿಲ್ಲುತ್ತದೆ, ಎರಡನೆಯದು ತಿನ್ನುವಾಗಲೂ ನಡೆದಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಡಿಸ್ಟೆಂಪರಿನ ಸೆಳೆತ ಗಾಢನಿದ್ರೆಯಲ್ಲಿಯೂ ಬಿಡದು. ರಾತ್ರಿ ನಾಯಿ ಚೆನ್ನಾಗಿ ನಿದ್ರಿಸಿದ ಮೇಲೆ ದೀಪ ಹಿಡಿದು ಒಂದು ಬಾರಿ ನೋಡಿದರೆ ಸಾಕು, ಅರ್ಧ ಸಂದೇಹ ಪರಿಹಾರವಾಗುತ್ತದೆ.

ವೈರಸ್ಸನ್ನು ಕೊಲ್ಲುವ ಔಷಧ ಈ ವ್ಯಾಧಿಗೆ ಇಲ್ಲ. ತಡೆಯುವ ಲಸಿಕೆ ಮಾತ್ರ ಅತ್ಯುತ್ತಮವಾದದ್ದಿದೆ. ಒಂದೇ ಒಂದು ಸೂಜಿ ಹಾಕಿಸಿ, ಲಸಿಕೆ ಮುಗಿಯಿತೆಂದು ತಿಳಿಯುವವರು ನಮ್ಮಲ್ಲಿ ಬಹಳ ಮಂದಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ಫಲಿಸುವುದಿಲ್ಲ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ತೀರುವುದೆಂದು ಹೊರಗಿನಿಂದ ತಿಳಿಯಲಾಗದು. ಆದಕಾರಣವೇ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರನೆಯ ವಾರದವರೆಗೂ ಪುನಃ ಪುನಃ ಹಾಕಿಸಬೇಕು, ಆಮೇಲೆ ಒಂದು ವರ್ಷದ ಹೊತ್ತಿಗೆ ಮತ್ತೊಮ್ಮೆ. ಮಳೆಯಲ್ಲಿ ನಡುಗುತ್ತಿದ್ದ ಬೀದಿಮರಿಯನ್ನು ಕರುಣೆಯಿಂದ ಮನೆಗೆ ತಂದವರಿಗೆ ಈ ಮಾತು ದ್ವಿಗುಣವಾಗಿ ಅನ್ವಯಿಸುತ್ತದೆ. ಬೀದಿನಾಯಿಗಳನ್ನು ಕೊಲ್ಲದೆ ಸಂತಾನಹರಣ ಚಿಕಿತ್ಸೆ ಮಾಡಿ ಮರಳಿ ಬಿಡುವ ಕ್ರಮವನ್ನು, 1959ರಲ್ಲಿ ಹುಟ್ಟಿದ ಬ್ಲೂ ಕ್ರಾಸ್ ಸಂಸ್ಥೆ ಇದೇ ಮದರಾಸಿನಲ್ಲಿ 1964ರಲ್ಲಿ ಆರಂಭಿಸಿತು. ಲಸಿಕೆಯಿಲ್ಲದ ಮರಿಗಳು ಬೀದಿಯಲ್ಲಿ ಹುಟ್ಟುವುದು ಕಡಿಮೆಯಾದಷ್ಟೂ ಡಿಸ್ಟೆಂಪರ್ ಮನೆನಾಯಿಗಳನ್ನು ಮುಟ್ಟುವುದೂ ಕಡಿಮೆಯಾಗುತ್ತದೆ.

ಎರಡನೆಯ ಸಂಶಯ ಉಣ್ಣೆಗಳ ಮೇಲೆ, ಮತ್ತು ಉಣ್ಣೆಗಳನ್ನು ಕೊಲ್ಲಲು ನಾವು ಬಳಸುವ ವಿಷಗಳ ಮೇಲೆ. ಚೆನ್ನೈನ ಸೆಕೆಯೂ ತೇವವೂ ನಾಯಿಯ ಕಂದುಉಣ್ಣೆಗೆ ವರ್ಷವಿಡೀ ಹಿತವಾದದ್ದು. ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಟ್ಟು ಮನೆಯೊಳಗೇ ಸಂಸಾರ ಹೂಡುವ ಈ ಜಂತು, ಕಚ್ಚಿದಾಗ ಎರ್ಲಿಕಿಯಾ, ಬೆಬೀಸಿಯಾ ಮೊದಲಾದ ರೋಗಾಣುಗಳನ್ನು ರಕ್ತಕ್ಕೆ ಸೇರಿಸುತ್ತದೆ. ಜ್ವರ, ಬಿಳಿಚಿದ ವಸಡು, ಊಟದಲ್ಲಿ ಅನಾಸಕ್ತಿ ಇವುಗಳ ಜೊತೆಗೆ ನಡುಕವೂ ಇದ್ದರೆ ರಕ್ತಪರೀಕ್ಷೆಗೆ ತಡಮಾಡಬಾರದು. ಇನ್ನು ವಿಷಗಳ ಮಾತು. ದನಗಳಿಗೆಂದು ಮಾರುವ ಉಣ್ಣೆಯ ದ್ರಾವಣವನ್ನು ಅಳತೆಯಿಲ್ಲದೆ ಬಕೆಟ್ಟಿಗೆ ಸುರಿದು ನಾಯಿಗೆ ಸ್ನಾನ ಮಾಡಿಸುವವರು, ಸೀಮೆಎಣ್ಣೆ ಸವರುವವರು, ತಿಗಣೆಯ ಔಷಧವನ್ನು ಮೈಮೇಲೆ ಸಿಂಪಡಿಸುವವರು, ಎಲ್ಲರೂ ಸದುದ್ದೇಶದಿಂದಲೇ ಮಾಡುತ್ತಾರೆ. ಫಲವಾದರೋ ಜೊಲ್ಲು, ವಾಂತಿ, ಮೈಯೆಲ್ಲ ನಡುಕ, ಕೊನೆಗೆ ಸೆಳೆತ. ಉಣ್ಣೆಗೆಂದು ನುಂಗಿಸುವ ಆಧುನಿಕ ಮಾತ್ರೆಗಳು ಬಹುಪಾಲು ನಾಯಿಗಳಿಗೆ ಕ್ಷೇಮಕರವೇ ಆದರೂ, ಅವುಗಳ ಒಂದು ವರ್ಗದಿಂದ ಕೆಲವು ನಾಯಿಗಳಲ್ಲಿ ನಡುಕ, ಸೆಳೆತಗಳು ಉಂಟಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಎಚ್ಚರಿಕೆ ಪ್ರಕಟಿಸಿತು. ಆದ್ದರಿಂದ ಕಂಪನ ಆರಂಭವಾದ ದಿನಕ್ಕೆ ಹಿಂದಿನ ಕೆಲವು ವಾರಗಳಲ್ಲಿ ನಾಯಿಯ ಮೈಗೆ ಏನು ಹಚ್ಚಿದೆವು, ಬಾಯಿಗೆ ಏನು ಹಾಕಿದೆವು, ಮನೆಯಲ್ಲಿ ಏನನ್ನು ಸಿಂಪಡಿಸಿದೆವು ಎಂಬುದನ್ನು ನೆನೆದು ಬರೆದಿಡುವುದು, ದುಬಾರಿಯಾದ ಅನೇಕ ಪರೀಕ್ಷೆಗಳಿಗಿಂತ ಹೆಚ್ಚು ಪ್ರಯೋಜನಕಾರಿ.

ಉಳಿದವನ್ನು ಸಂಕ್ಷೇಪವಾಗಿ ಹೇಳಬಹುದು. ಐಪ್ಪಸಿ, ಕಾರ್ತಿಕ ಮಾಸಗಳ ಮಳೆಯಲ್ಲಿ ಜೋಲುಕಿವಿಯ ನಾಯಿಗಳ ಕಿವಿ ಒದ್ದೆಯಾಗಿ ಶಿಲೀಂಧ್ರ ಬೆಳೆದು, ಅವು ತಲೆಯನ್ನು ಪಟಪಟನೆ ಕೊಡವುತ್ತಲೇ ಇರುತ್ತವೆ. ಇದು ಕಂಪನವಲ್ಲ, ತುರಿಕೆಯನ್ನು ತಾಳಲಾರದೆ ಬುದ್ಧಿಪೂರ್ವಕವಾಗಿ ಮಾಡುವ ಕೊಡಹು. ಕಿವಿಯನ್ನು ಮೂಸಿ ನೋಡಿದರೆ ದುರ್ವಾಸನೆಯೇ ಉತ್ತರ ಹೇಳುತ್ತದೆ. ಮರಿ ಹಾಕಿ ಎರಡು ಮೂರು ವಾರವಾದ ಪೊಮೆರೇನಿಯನ್, ಸ್ಪಿಟ್ಸ್ ಮೊದಲಾದ ಸಣ್ಣ ಬಾಣಂತಿ ನಾಯಿ ಏದುಸಿರು ಬಿಡುತ್ತ ನಡುಗತೊಡಗಿದರೆ, ಅದು ರಕ್ತದ ಕ್ಯಾಲ್ಸಿಯಂ ಕುಸಿದುದರ ಲಕ್ಷಣ. ಮರಿಗಳನ್ನು ಮೊಲೆಯಿಂದ ಬೇರ್ಪಡಿಸಿ, ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯಬೇಕು, ಬೆಳಗಾಗಲೆಂದು ಕಾಯಬಾರದು. ಪುಟ್ಟ ತಳಿಯ ಮರಿ ಹಸಿದು ನಡುಗಿದರೆ ರಕ್ತದ ಸಕ್ಕರೆ ಕಡಿಮೆಯಾಗಿರಬಹುದು. ಚಾಕೊಲೇಟು, ಸಕ್ಕರೆರಹಿತವೆಂದು ಮಾರುವ ತಿನಿಸುಗಳಲ್ಲಿರುವ ಜೈಲಿಟಾಲ್, ಬೂಷ್ಟು ಹಿಡಿದ ಆಹಾರ, ಇವೂ ನಡುಕ ತರತಕ್ಕವೇ.

ಅಪಸ್ಮಾರದೊಡನೆ ಈ ಶಿರಃಕಂಪವನ್ನು ಬೆರೆಸುವುದು ಅತಿ ಸಾಮಾನ್ಯವಾದ ಭ್ರಾಂತಿ. ಅಪಸ್ಮಾರದಲ್ಲಿ ನಾಯಿ ಬಹುಮಟ್ಟಿಗೆ ಎಚ್ಚರ ತಪ್ಪಿ ಉರುಳುತ್ತದೆ, ಕಾಲುಗಳು ಸೆಟೆಯುತ್ತವೆ ಅಥವಾ ಒದ್ದಾಡುತ್ತವೆ, ಮಲಮೂತ್ರ ಹೋಗುವುದುಂಟು, ನಿಂತ ಮೇಲೂ ಬಹಳ ಹೊತ್ತು ಮಂಕಾಗಿ, ಗುರಿಯಿಲ್ಲದೆ ಅಲೆಯುತ್ತದೆ. ಮುಖದ ಒಂದು ಭಾಗಕ್ಕೆ ಸೀಮಿತವಾದ ಅಪಸ್ಮಾರವೂ ಉಂಟಾದ್ದರಿಂದ ಕೆಲವು ಸಂದರ್ಭಗಳಲ್ಲಿ ನುರಿತ ವೈದ್ಯರಿಗೂ ನಿರ್ಣಯ ಕಷ್ಟವೇ. ಆದರೂ ಕರೆದರೆ ಓಗೊಡುವುದು, ತಿನಿಸಿನಿಂದ ಕಂಪನ ನಿಲ್ಲುವುದು, ಮುಗಿದೊಡನೆ ಯಥಾಸ್ಥಿತಿಗೆ ಬರುವುದು, ಈ ಮೂರೂ ಒಟ್ಟಿಗೆ ಕೂಡಿದ್ದರೆ ಮನಸ್ಸಿಗೆ ಬಹಳಷ್ಟು ಧೈರ್ಯ ತಂದುಕೊಳ್ಳಬಹುದು.

ಕಂಪನ ನಡೆದಿರುವಾಗ ಮಾಡಬೇಕಾದದ್ದು ಅತ್ಯಲ್ಪ. ತಲೆಯನ್ನು ಬಲವಂತವಾಗಿ ಹಿಡಿದು ನಿಲ್ಲಿಸಲು ಹೋಗಬಾರದು. ಮನುಷ್ಯನಿಗೆ ಮೂರ್ಛೆ ಬಂದಾಗ ಬೀಗದ ಕೈ ಹಿಡಿಸುವಂತೆ ನಾಯಿಯ ಬಾಯಿಗೆ ಕಬ್ಬಿಣ ತುರುಕುವುದು, ಮುಖಕ್ಕೆ ತಣ್ಣೀರೆರಚುವುದು, ಈರುಳ್ಳಿ ಮೂಸಿಸುವುದು ಇವೆಲ್ಲ ಅನುಚಿತ. ಹೆಸರು ಹಿಡಿದು ಮೆಲ್ಲನೆ ಕರೆದು, ಕಣ್ಣು ನಿಮ್ಮತ್ತ ತಿರುಗುವುದೋ ಎಂದು ನೋಡಿರಿ. ತಿರುಗಿ, ನಾಯಿ ಪೂರ್ಣ ಎಚ್ಚರದಲ್ಲಿರುವುದು ಖಚಿತವಾದರೆ, ಉದ್ದಹಿಡಿಯ ಚಮಚದಲ್ಲಿ ಮೊಸರನ್ನೋ ಜೇನನ್ನೋ ನೆಕ್ಕಲು ಕೊಡಿರಿ. ಎಚ್ಚರ ತಪ್ಪಿದ ನಾಯಿಗೆ ಏನನ್ನು ಕೊಟ್ಟರೂ ಅದು ಶ್ವಾಸನಾಳಕ್ಕೆ ಇಳಿದೀತು. ಬಾಯಿಯೊಳಗೆ ಕೈ ಹಾಕಬೇಡಿ. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದ, ಪೂರ್ವಾಪರ ತಿಳಿಯದ ನಾಯಿಯಲ್ಲಿ ನಡುಕವೋ ಸೆಳೆತವೋ ತೋರಿದರೆ ಅದರ ಜೊಲ್ಲನ್ನೂ ಮುಟ್ಟದೆ ದೂರದಿಂದಲೇ ವೈದ್ಯರನ್ನು ಕರೆಯತಕ್ಕದ್ದು.

ಇದಕ್ಕಿಂತಲೂ ಹೆಚ್ಚಿನ ಪ್ರಯೋಜನದ ಕೆಲಸವೆಂದರೆ ಜೇಬಿನಲ್ಲಿರುವ ಮೊಬೈಲನ್ನು ತೆಗೆದು ಚಿತ್ರಿಸಿಕೊಳ್ಳುವುದು. ಆಸ್ಪತ್ರೆಯ ಮೇಜಿನ ಮೇಲೆ ನಿಂತ ನಾಯಿಯ ತಲೆ ಸಾಮಾನ್ಯವಾಗಿ ನಡುಗುವುದಿಲ್ಲ. ಅಲ್ಲಿಯ ಗದ್ದಲ, ವಾಸನೆಗಳಿಗೆ ಅದು ಪೂರ್ತಿ ಎಚ್ಚೆತ್ತಿರುತ್ತದೆ. ನಾವು ಬಾಯಿಮಾತಿನಲ್ಲಿ ವರ್ಣಿಸಿದ್ದರಿಂದ ವೈದ್ಯರಿಗೆ ತಿಳಿಯುವುದು ಕಡಿಮೆ. ಒಂದು ನಿಮಿಷದ ವಿಡಿಯೋ ಇದ್ದರೆ, ಅದರಲ್ಲಿ ಇಡೀ ದೇಹವೂ ಕಾಣುವಂತಿದ್ದು, ನೀವು ಹೆಸರು ಕರೆದದ್ದೂ ನಾಯಿ ತಿರುಗಿದ್ದೂ ದಾಖಲಾಗಿದ್ದರೆ, ಅರ್ಧ ನಿದಾನ ಅಲ್ಲಿಯೇ ಮುಗಿಯುತ್ತದೆ. ಜೊತೆಗೆ ದಿನಾಂಕ, ಹೊತ್ತು, ಎಷ್ಟು ಹೊತ್ತು ನಡೆಯಿತು, ಮುಂಚೆ ಏನು ತಿಂದಿತ್ತು, ಮಲಗಿತ್ತೋ ಆಡುತ್ತಿತ್ತೋ, ಹೆಣ್ಣಾದರೆ ಬೆದೆಯ ಕಾಲವೋ ಎಂಬಿವನ್ನು ಒಂದು ನೋಟುಪುಸ್ತಕದಲ್ಲಿ ಗುರುತಿಸಿಟ್ಟಿರಬೇಕು.

ಸಮೀಪದ ವೈದ್ಯರಿಗೆ ಸಂದೇಹ ಉಳಿದರೆ ವೇಪೇರಿಯ ಮದ್ರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. 1903ರಲ್ಲಿ ಸ್ಥಾಪಿತವಾದ ಈ ವಿದ್ಯಾಲಯ ಈಗ 1989ರಲ್ಲಿ ರೂಪುಗೊಂಡ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಅಂಗ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಹೆಬ್ಬಾಳದ ಕಾಲೇಜು 1958ರಲ್ಲಿ ಹುಟ್ಟುವುದಕ್ಕೂ ಮುಂಚೆ, ಪಶುವೈದ್ಯ ಕಲಿಯಬಯಸಿದ ಆ ಸೀಮೆಯ ತರುಣರಿಗೆ ಸಹಜವಾದ ವಿದ್ಯಾಸ್ಥಾನವಾಗಿದ್ದುದು ಇದೇ. ಇಲ್ಲಿ ಮನಸ್ಸಿಗೆ ಬಂದ ಒಂದು ವಿಚಾರವನ್ನು ಹೇಳಿ ಮುಂದುವರಿಯುತ್ತೇನೆ. ಕಲ್ಯಾಣದ ಚಾಲುಕ್ಯರ ಮನೆತನದಲ್ಲಿಯೇ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಅದೇ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ನಾಯಿಗಳಿಗಾಗಿ 'ಸಾರಮೇಯವಿನೋದ'ವೆಂಬ ಪ್ರಕರಣವನ್ನೇ ಮೀಸಲಿಟ್ಟನು. ಹಸುವಿಗೆ ವೈದ್ಯ, ನಾಯಿಗೆ ವಿನೋದ. ನಾಯಿಯ ಕಾಯಿಲೆಯನ್ನೂ ಅಷ್ಟೇ ಶ್ರದ್ಧೆಯಿಂದ ಕನ್ನಡದಲ್ಲಿ ಬರೆದಿಡುವ ಕೆಲಸ ಈಗಲಾದರೂ ಧಾರಾಳವಾಗಿ ನಡೆಯಬೇಕೆಂಬುದು ನನ್ನ ಹಂಬಲ.

ನಿರಪಾಯವಾದ ಶಿರಃಕಂಪವೆಂದು ನಿರ್ಣಯವಾದ ಬಳಿಕ ಕೊಡತಕ್ಕ ಔಷಧ ಯಾವುದೆಂದು ಕೇಳಿದರೆ, ಯಾವುದೂ ಇಲ್ಲವೆಂಬುದೇ ಪ್ರಾಮಾಣಿಕವಾದ ಉತ್ತರ. ಫೀನೋಬಾರ್ಬಿಟೋನ್ ಮುಂತಾದ ಅಪಸ್ಮಾರದ ಮಾತ್ರೆಗಳು ಈ ಕಂಪನವನ್ನು ನಂಬಿಕೆಯಾಗುವಂತೆ ತಡೆಯುವುದಿಲ್ಲ. ದೀರ್ಘಕಾಲ ನುಂಗಿಸಿದರೆ ಯಕೃತ್ತಿಗೆ ಹಾನಿಯಾಗುವ ಸಂಭವವುಂಟು, ನಾಯಿ ಸದಾ ಮಂಪರಿನಲ್ಲಿದ್ದು ಹಸಿವು ಬಾಯಾರಿಕೆಗಳು ವಿಪರೀತವಾಗುತ್ತವೆ. ಏನೂ ಔಷಧ ಬರೆಯದೆ ಕಳಿಸಿದ ವೈದ್ಯರನ್ನು ಅಸಮರ್ಥರೆಂದು ತಿಳಿದು ಮತ್ತೊಬ್ಬರಲ್ಲಿಗೆ ಓಡುವ ಯಜಮಾನರಿಂದಲೇ ಅನಾವಶ್ಯಕ ಚಿಕಿತ್ಸೆ ಬೆಳೆಯುತ್ತದೆ. ಈ ವಿಷಯದಲ್ಲಿ ಸಂಯಮವೇ ದಯೆ. ಕೆಲವು ನಾಯಿಗಳಲ್ಲಿ ಮನಃಕ್ಷೋಭೆ, ಶಸ್ತ್ರಚಿಕಿತ್ಸೆ, ಬೆದೆ, ಮರಿ ಹಾಕುವಿಕೆ ಇವುಗಳ ಸುತ್ತಮುತ್ತ ಕಂಪನ ಹೆಚ್ಚುವುದು ಕಂಡುಬಂದಿದೆ. ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ, ವಾಯುಪಡೆಯ ತರಬೇತಿ ವಿಮಾನಗಳು ತಗ್ಗಾಗಿ ಹಾರುವ ಬಡಾವಣೆಗಳಲ್ಲಿ, ನಾಯಿಗೆ ಮನೆಯ ಒಳಗಿನ ಶಾಂತವಾದ ಮೂಲೆಯೊಂದನ್ನು ಮಾಡಿಕೊಡುವುದು ಒಳ್ಳೆಯದು. ಬುಲ್‌ಡಾಗ್, ಬಾಕ್ಸರ್ ಮೊದಲಾದ ಮೊಂಡುಮೂತಿಯ ತಳಿಗಳು ಕತ್ತರಿ ಬಿಸಿಲಿನ ದಿನಗಳಲ್ಲಿ ತಲೆಯ ನಡುಕಕ್ಕಿಂತ ಎಷ್ಟೋ ಪಾಲು ಹೆಚ್ಚು ಅಪಾಯವನ್ನು ಉಷ್ಣಾಘಾತದಿಂದ ಎದುರಿಸುತ್ತವೆ. ಯಜಮಾನರ ಚಿಂತೆ ಆ ಕಡೆಗೆ ತಿರುಗುವುದು ಮೇಲು.

ಕೊನೆಯದಾಗಿ ಸಂತಾನದ ಪ್ರಶ್ನೆ. ಡಾಬರ್‌ಮನ್ನಿನಲ್ಲಿ ಇದು ವಂಶಾನುಗತವೆಂದು ಕಂಡುಬಂದಿರುವಾಗ, ತಲೆ ನಡುಗುವ ನಾಯಿಯಿಂದ ಮರಿ ಮಾಡಿಸಿ ಮಾರುವುದನ್ನು ತಳಿಗಾರರು ಬಿಡಬೇಕು; ಆ ತಳಿಯಲ್ಲಿ ಮಾತ್ರವಲ್ಲ, ಬುಲ್‌ಡಾಗ್, ಬಾಕ್ಸರ್‌ಗಳಲ್ಲಿಯೂ ಬಿಡುವುದು ವಿವೇಕ. ದೇಶದ ಕೆನ್ನೆಲ್ ಕ್ಲಬ್ಬಿನ ಕಚೇರಿಯೇ ಚೆನ್ನೈನಲ್ಲಿದ್ದು, ವಂಶಾವಳಿಯ ಪತ್ರಗಳು ಇಲ್ಲಿಂದಲೇ ಹೊರಡುತ್ತವೆ. ಆದರೆ ಆ ಪತ್ರ ಮರಿಯ ಕುಲವನ್ನು ಹೇಳುತ್ತದೆಯೇ ಹೊರತು ಅದರ ತಂದೆಯ ತಲೆ ನಡುಗುತ್ತಿತ್ತೋ ಇಲ್ಲವೋ ಎಂಬುದನ್ನು ಹೇಳುವುದಿಲ್ಲ. ಅದನ್ನು ಕೊಳ್ಳುವವರೇ ಬಾಯಿಬಿಟ್ಟು ಕೇಳಬೇಕು, ತಾಯಿನಾಯಿಯನ್ನು ಕಣ್ಣಾರೆ ನೋಡಬೇಕು, ಹಿಂದಿನ ಸೂಲಿನ ಮರಿಗಳನ್ನು ಕೊಂಡವರನ್ನು ವಿಚಾರಿಸಬೇಕು; ಮತ್ತು ಲಸಿಕೆಯ ದಿನಾಂಕಗಳನ್ನೂ ವೈದ್ಯರ ಸಹಿಯನ್ನೂ ಹೊತ್ತ ಪುಸ್ತಕ ಕೈಗೆ ಬರುವವರೆಗೆ ಹಣವನ್ನು ಎಣಿಸಿಕೊಡಬಾರದು.